ನೊಣ ಕಟ್ಟುವವನ ಫಜೀತಿಗಳು

ಕೆಲವರಿಗೆ ಹೋದಲ್ಲೆಲ್ಲ ಮರ್ಯಾದೆ ಸಿಗುತ್ತದೆ, ಕೆಲವರಿಗೆ ಹೋದಲ್ಲೆಲ್ಲ ಊಟ ಸಿಗುತ್ತದೆ. ನನಗೆ ಸಿಗುವುದು ಫಜೀತಿ. ಮೊದಲೆಲ್ಲ ನಾನೇ ಅದನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ನೊಣ ಕಟ್ಟುವುದನ್ನು ಕಲಿತ ಮೇಲೆ ಆ ತೊಂದರೆಯೂ ತಪ್ಪಿತು, ಅದೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ.

ನೊಣ ಕಟ್ಟುವುದು ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ನಾನು ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಫಿಟರ್. ಒಂದು ಸಲ ಹೊಸ ಯಂತ್ರ ಕೂಡಿಸಲು ಜಪಾನಿನಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದರು. ರಜೆಯ ದಿನ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಪೆಟ್ಟಿಗೆಯಿಂದ ಮೊಳದುದ್ದದ ಕೋಲೊಂದನ್ನು ತೆಗೆದು ಎಳೆಯುತ್ತ ಹೋದರೆ ಅದು ಒಂದರೊಳಗಿಂದ ಒಂದು ಹೊರಬಂದು ಬಿದಿರಿನ ಗಳದಷ್ಟು ಉದ್ದ ಆಗುತ್ತಿತ್ತು. ತುದಿಗೆ ಒಂದು ದಾರ, ದಾರದ ಕೊನೆಗೆ ಸಣ್ಣ ಗಾಳ. ದಾರ ಸುತ್ತುವ ಗಾಲಿ ಇಲ್ಲ, ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಗಾಳಕ್ಕೆ ನೂಲು ಸುತ್ತಿ, ಹುಂಜದ ಕುತ್ತಿಗೆಯ ಗರಿಯೊಂದನ್ನು ಕಟ್ಟಿದರೆ ಅದೇ ನೊಣ. ನೀರಿನ ಮೇಲೆ ಅದನ್ನು ಕುಣಿಸಿದರೆ ಮೀನು ನಿಜವಾದ ನೊಣ ಎಂದು ಬಾಯಿ ಹಾಕುತ್ತದೆ. ಈ ವಿದ್ಯೆಗೆ ಅವರ ನಾಡಿನಲ್ಲಿ ತೆಂಕಾರ ಎನ್ನುತ್ತಾರಂತೆ. ಸಾಹೇಬರು ಊರಿಗೆ ಹೋಗುವಾಗ ಕೋಲನ್ನೂ ವಿದ್ಯೆಯನ್ನೂ ನನಗೆ ಕೊಟ್ಟು ಹೋದರು. ಅವರು ಹಗುರಾಗಿ ವಿಮಾನ ಹತ್ತಿದರು. ನನ್ನ ಕಥೆ ಶುರುವಾಯಿತು.

ಕೊಡ ಹಿಡಿದು ಬಂದ ಓಣಿ

ಕೋಲು ಮನೆಗೆ ತಂದ ದಿನವೇ ನನ್ನ ಜೊತೆ ಕೆಲಸ ಮಾಡುವ ವೆಲ್ಡರ್ ಇಡೀ ಓಣಿಗೆ ಸುದ್ದಿ ಹೇಳಿದ್ದ. ಅವನ ಬಾಯಲ್ಲಿ ಯಾವ ಹೊಸ ಮಾತೂ ನೆಟ್ಟಗೆ ಹೊರಬರುವುದಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಪಕ್ಕದ ಮನೆಯ ಖಾಲಾ ನಿಂತಿದ್ದರು. ಅವರ ಹಿಂದೆ ಏಳೆಂಟು ಹೆಂಗಸರು, ಎಲ್ಲರ ಕಂಕುಳಲ್ಲೂ ಪ್ಲಾಸ್ಟಿಕ್ ಕೊಡ. ಓಣಿಯ ನಳದಲ್ಲಿ ನೀರು ಬಂದು ವಾರವಾಗಿತ್ತು.

“ಭಾಳ ಪುಣ್ಯದ ಕೆಲಸ ಮಾಡೀರಿ ಭಾಯಿ,” ಎಂದರು ಖಾಲಾ. “ಎಲ್ಲಿ ನಿಲ್ಲಿಸೀರಿ?”

“ಏನ್ ನಿಲ್ಲಿಸೇನ್ರಿ ಖಾಲಾ?”

“ಟ್ಯಾಂಕರ್. ಜಪಾನ್‌ದವರು ನಿಮಗ ಟ್ಯಾಂಕರ್ ಕೊಟ್ಟು ಹೋಗ್ಯಾರಂತಲ್ಲ.”

ಟ್ಯಾಂಕರ್ ಅಲ್ಲ, ತೆಂಕಾರ ಎಂದು ಹೇಳಿದೆ. ಯಾರಿಗೂ ತಿಳಿಯಲಿಲ್ಲ. ಒಳಗಿಂದ ಕೋಲು ತಂದು, ಎಳೆದು ಉದ್ದ ಮಾಡಿ ತೋರಿಸಿದೆ. ಖಾಲಾ ಅದನ್ನು ಬುಡದಿಂದ ತುದಿಯವರೆಗೂ ನೋಡಿದರು. ತುದಿಗೆ ಕಣ್ಣಿಟ್ಟು ಒಳಗೂ ನೋಡಲು ಯತ್ನಿಸಿದರು.

“ಇದರಾಗ ನೀರು ಬರಂಗಿಲ್ಲ?”

“ಇಲ್ರಿ. ಇದನ್ನ ನೀರು ಇದ್ದಲ್ಲಿಗೆ ನಾವs ತಗೊಂಡು ಹೋಗಬೇಕು.”

ಖಾಲಾ ಕೊಡವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. “ನೀರು ಇದ್ದಲ್ಲಿಗೆ ಹೋಗೂದಕ್ಕ ನಮ್ಮ ಹತ್ರ ಕೊಡ ಅವ, ಭಾಯಿ. ಕೋಲು ಯಾಕ ಬೇಕು?”

ವಾರದ ರಜೆ

ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಅವರಿಗೆ ಇರುವುದು ಒಂದೇ ದೋಷ, ಬೇರೆಯವರ ರಜೆ ಅವರಿಗೆ ನೆನಪಿರುವುದಿಲ್ಲ. ಒಂದು ಭಾನುವಾರ ನಾನು ಪಡಸಾಲೆಯಲ್ಲಿ ಕುಳಿತು, ಮೇಜಿನ ಅಂಚಿಗೆ ಸಣ್ಣ ಇಕ್ಕಳ ಬಿಗಿದು, ಅದರ ಬಾಯಿಗೆ ಗಾಳ ಸಿಗಿಸಿ, ಹಲ್ಲಲ್ಲಿ ನೂಲು ಕಚ್ಚಿ ಹಿಡಿದಿದ್ದೆ. ಫೋನ್ ಬಂತು. ಬಾಯಿ ತೆರೆದರೆ ನೂಲು ಬಿಚ್ಚುತ್ತದೆ. ಹೆಂಡತಿಗೆ ಕೈಸನ್ನೆ ಮಾಡಿದೆ. ಅವಳು ಎತ್ತಿ ಸ್ಪೀಕರ್ ಒತ್ತಿದಳು.

“ಅವರು ಎಲ್ಲಿ ಅದಾರ್ರಿ ಅಕ್ಕಾರ? ಇಲ್ಲಿ ಕನ್ವೇಯರ್ ನಿಂತೈತಿ,” ಎಂದರು ಸೂಪರ್‌ವೈಸರ್.

“ಮನ್ಯಾಗ ಅದಾರ್ರಿ.”

“ಏನ್ ಮಾಡಾಕತ್ತಾರ?”

ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ. “ನೊಣ ಕಟ್ಟಾಕತ್ತಾರ್ರಿ,” ಎಂದಳು.

ನಾನು ಹಲ್ಲು ಬಿಡಿಸದೆ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ನನಗೆ ಸಿಟ್ಟು ಬಂದಿದೆ ಎಂದು ತಿಳಿದು ಅವಳು ಇನ್ನೂ ಬಿಡಿಸಿ ಹೇಳಿದಳು. “ಮುಂಜಾನಿಂದ ಒಂದು ಕಟ್ಟ್ಯಾರ್ರಿ. ಎರಡನೇದಕ್ಕ ರೆಕ್ಕಿ ಹಚ್ಚಾಕತ್ತಾರ.”

ಸೂಪರ್‌ವೈಸರ್ ಸಮಾಧಾನದಿಂದಲೇ ಹೇಳಿದರು. “ಲಗೂನ ಕಳಿಸಿಕೊಡ್ರಿ ಅಕ್ಕಾರ. ಇಲ್ಲಿ ನೊಣ ಹೊಡಿಯೋ ಮಂದಿ ಭಾಳ ಅದಾರ. ಕಟ್ಟೋರು ಒಬ್ಬರೂ ಇಲ್ಲ.”

ಮ್ಯಾಚಿಂಗ್

ಈ ವಿದ್ಯೆಯಲ್ಲಿ ಕಟ್ಟುವುದಕ್ಕಿಂತ ಕಷ್ಟದ ಕೆಲಸ ಆರಿಸುವುದು. ಸಾಹೇಬರ ಮಾತೇನೆಂದರೆ, ಒಂದೇ ನಮೂನೆಯ ನೊಣ ಇಟ್ಟುಕೊಂಡು ಜೀವನಪೂರ್ತಿ ಮೀನು ಹಿಡಿಯಬಹುದು. ಆದರೆ ನನ್ನ ಸ್ವಭಾವ ಹಾಗಲ್ಲ. ಸಂಜೆ ಹೊತ್ತು, ನಾನು ಕೋಲು ಹಿಡಿದು ಹೋಗುವ ಕಾಲುವೆಯ ನೀರಿನ ಮೇಲೆ ಕಂದು ಬಣ್ಣದ ಒಂದು ಸಣ್ಣ ಹುಳ ಹಾರಾಡುತ್ತದೆ. ಮೀನುಗಳು ಅದಕ್ಕೇ ಜಿಗಿಯುವುದನ್ನು ಕಂಡಿದ್ದೆ. ಒಂದನ್ನು ಹಿಡಿದು ಕಡ್ಡಿಪೆಟ್ಟಿಗೆಯಲ್ಲಿಟ್ಟುಕೊಂಡು ಕೊಪ್ಪಳದ ಒಂದು ಮ್ಯಾಚಿಂಗ್ ಸೆಂಟರಿಗೆ ಹೋದೆ.

ಒಳಗೆ ಹೆಂಗಸರೇ ತುಂಬಿದ್ದರು. ಎಲ್ಲರ ಕೈಯಲ್ಲೂ ಸೀರೆ. ಅಂಗಡಿಯಾತ ಗಿರಾಕಿಯ ಮುಖ ನೋಡದೆ ಬಟ್ಟೆಯನ್ನಷ್ಟೇ ನೋಡುವ ಪೈಕಿ. ನನ್ನ ಸರದಿ ಬಂದಾಗ ಕೈ ಚಾಚಿದ. “ಕೊಡ್ರಿ, ಎದಕ್ಕ ಮ್ಯಾಚ್ ಮಾಡಬೇಕು?”

ನಾನು ಕಡ್ಡಿಪೆಟ್ಟಿಗೆ ತೆರೆದು ಅವನ ಅಂಗೈ ಮೇಲೆ ಹುಳ ಇಟ್ಟೆ.

ಅವನು ಅದನ್ನು ನೋಡಿದ. ನನ್ನನ್ನು ನೋಡಿದ. ಎಷ್ಟು ವರ್ಷದ ವ್ಯಾಪಾರವೋ ಏನೋ, ಮುಖದ ಒಂದು ಗೆರೆಯೂ ಕದಲಲಿಲ್ಲ. ನೂಲಿನ ಉಂಡೆಗಳ ಡಬ್ಬಿಯನ್ನು ಎಳೆದು, ಹುಳವನ್ನು ಒಂದೊಂದರ ಪಕ್ಕಕ್ಕೂ ಹಿಡಿಯತೊಡಗಿದ. ನಾಲ್ಕು ಹೆಂಗಸರು ಬಗ್ಗಿ ನೋಡಿದರು.

“ಅದು ಕಪ್ಪಾತು. ಇದು ಛಲೋ ಒಪ್ಪತೈತಿ,” ಎಂದಳು ಒಬ್ಬಳು.

“ಬೆನ್ನು ನೋಡಿ ಹೇಳಬ್ಯಾಡವಾ. ಹೊಟ್ಟಿ ಕಡೆ ನೋಡು, ಬಾದಾಮಿ ಬಣ್ಣ ಐತಿ,” ಎಂದಳು ಇನ್ನೊಬ್ಬಳು.

“ಬಿಸಲಾಗ ಹಿಡದು ನೋಡ್ರಿ, ಟ್ಯೂಬ್‌ಲೈಟಿಗೆ ಬಣ್ಣ ಗೊತ್ತಾಗಂಗಿಲ್ಲ,” ಎಂದರು ವಯಸ್ಸಾದವರೊಬ್ಬರು. ಅವರೇ ಹುಳವನ್ನೂ ನೂಲನ್ನೂ ತೆಗೆದುಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು, ಬಾದಾಮಿಯೇ ಸರಿ ಎಂದು ತೀರ್ಪು ಕೊಟ್ಟರು. ಅಂಥ ಕಾಳಜಿಯಿಂದ ನನ್ನ ಮದುವೆಯ ಅಂಗಿಯನ್ನೂ ಯಾರೂ ಆರಿಸಿರಲಿಲ್ಲ.

ಅಂಗಡಿಯಾತ ನೂಲನ್ನು ಪೊಟ್ಟಣ ಕಟ್ಟಿ, ಹುಳವನ್ನು ಜೋಪಾನವಾಗಿ ಕಡ್ಡಿಪೆಟ್ಟಿಗೆಗೆ ಹಾಕಿ ಕೊಟ್ಟ. ನಾನು ಹೊರಡಬೇಕು, ಹಿಂದಿನಿಂದ ಕೇಳಿದ.

“ಇದಕ್ಕ ಫಾಲ್, ಪೀಕೋ ಏನರ ಮಾಡಸಬೇಕೇನ್ರಿ?”

ಹಬ್ಬದ ಡಬ್ಬಿ

ನೂಲಾಯಿತು, ಗರಿ ಬೇಕು. ಖಾಲಾ ಅವರ ಮನೆಯಲ್ಲಿ ಒಂದು ಹುಂಜ ಇತ್ತು. ಕುತ್ತಿಗೆಯ ಗರಿ ತಾಮ್ರದ ತಂತಿಯ ಹಾಗೆ ಹೊಳೆಯುತ್ತಿತ್ತು. ಉದುರಿದ್ದನ್ನು ಆರಿಸಿಕೊಳ್ಳೋಣ ಎಂದು ನಾನು ಕೈ ಹಿಂದೆ ಕಟ್ಟಿಕೊಂಡು ಅದರ ಬೆನ್ನು ಹತ್ತಿ ಓಣಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಹುಂಜ ನಿಂತರೆ ನಾನೂ ನಿಲ್ಲುತ್ತಿದ್ದೆ. ಡಾಕ್ಟರು ನನಗೆ ವಾಕಿಂಗ್ ಹೇಳಿದ್ದಾರೆಂದೂ ಒಬ್ಬನೇ ಹೋಗಲು ಬೇಸರ ಎಂದು ಹುಂಜದ ಜೊತೆ ಹೋಗುತ್ತೇನೆಂದೂ ಓಣಿಯವರು ಮಾತಾಡಿಕೊಂಡರಂತೆ.

ಕಡೆಗೆ ಖಾಲಾ ಅವರನ್ನೇ ಕೇಳಿದೆ. “ಖಾಲಾ, ನಿಮ್ಮ ಮನ್ಯಾಗ ಕೋಳಿ ಕೊಯ್ದಾಗ ಪುಚ್ಚ ಚೆಲ್ಲಬ್ಯಾಡ್ರಿ. ನನಗ ಬೇಕು.”

“ಪುಚ್ಚ ಅಂದ್ರ ಗರೀನಾ?”

“ಹೌದ್ರಿ, ಕುತಿಗಿದು ಇದ್ರ ಭಾಳ ಛಲೋ.”

ರಂಜಾನ್ ಬಂತು. ವರ್ಷ ವರ್ಷ ಹಬ್ಬಕ್ಕೆ ಅವರ ಮನೆಯಿಂದ ನಮಗೆ ಬಿರಿಯಾನಿ ಬರುತ್ತದೆ. ಅದಕ್ಕಾಗಿ ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಧ್ಯಾಹ್ನ ಖಾಲಾ ತಾವೇ ಬಂದು ದೊಡ್ಡ ಸ್ಟೀಲ್ ಡಬ್ಬಿ ಕೊಟ್ಟು, ಮೇಲೆ ಜರಿಯಂಚಿನ ಬಟ್ಟೆ ಮುಚ್ಚಿದ್ದನ್ನು ಸರಿಪಡಿಸಿ, ಮನೆಯಲ್ಲಿ ನೆಂಟರು ಬಂದಿದ್ದಾರೆಂದು ಲಗುಬಗೆಯಿಂದ ಹೋದರು. ನಾವು ತಟ್ಟೆ ಹಾಕಿಕೊಂಡು ಕುಳಿತೆವು. ಹೆಂಡತಿ ಈರುಳ್ಳಿ ಹೆಚ್ಚಿ ಮೊಸರಿಗೆ ಹಾಕಿದಳು. ಮುಚ್ಚಳ ತೆಗೆದರೆ ಒಳಗೆ ಗಂಟಲವರೆಗೆ ಕೋಳಿ ಪುಚ್ಚ. ಸೀಗೆಕಾಯಿ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಮೇಲೆ ಒಂದಿಷ್ಟು ಅತ್ತರು ಚಿಮುಕಿಸಿದ್ದರು.

ಸಂಜೆ ಡಬ್ಬಿ ತಿರುಗಿ ಕೊಡಲು ಹೋದಾಗ ನಾನು ಮೆಲ್ಲಗೆ ಕೇಳಿದೆ. “ಈ ಸಲ ಬಿರಿಯಾನಿ ಮಾಡಲಿಲ್ಲೇನ್ರಿ?”

“ಮಾಡಿದ್ವಲ್ಲ ಭಾಯಿ, ಹಂಡೆಗಟ್ಟಲೆ,” ಎಂದರು ಖಾಲಾ. “ನೀವು ಕೋಳಿ ಬಿಟ್ಟು ಪುಚ್ಚ ಹಿಡದೀರಿ ಅಂತ ತಿಳದು ನಾವು ಒತ್ತಾಯ ಮಾಡಲಿಲ್ಲ.”

ಕುಷ್ಟಗಿ ಬಸ್ಸು

ಇದು ಸಣ್ಣದು. ಕಟ್ಟಿದ ನೊಣಗಳಲ್ಲಿ ಒಳ್ಳೆಯದೊಂದನ್ನು ಟೋಪಿಗೆ ಸಿಗಿಸಿಕೊಳ್ಳುವುದು ನನ್ನ ಚಾಳಿ. ಹಾಗೇ ಕುಷ್ಟಗಿ ಬಸ್ಸು ಹತ್ತಿದ್ದೆ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಬೀಸಣಿಗೆ. ಕಣ್ಣು ಮುಚ್ಚಿ ತೂಕಡಿಸುತ್ತಿದ್ದ ನನ್ನ ತಲೆಗೆ ಫಟ್ ಎಂದು ಒಂದು ಬಿತ್ತು. ತಿರುಗಿದೆ.

“ನೊಣ ಕುಂತೈತಪಾ,” ಎಂದಳು ಅಜ್ಜಿ.

ಹೇಳುವಷ್ಟರಲ್ಲಿ ಇನ್ನೊಂದು ಬಿತ್ತು. ಮೊದಲನೆಯದಕ್ಕಿಂತ ಗಟ್ಟಿ.

“ಯವ್ವಾ, ಅದು ಹಾರಂಗಿಲ್ಲ, ಬಿಡು. ನಾನs ಕಟ್ಟೇನಿ ಅದನ್ನ,” ಎಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, ಪಕ್ಕದವರಿಗೆ ಹೇಳಿದಳು. “ಎರಡು ಏಟು ಹೊಡದೆ ನೋಡವಾ, ಅಷ್ಟಕ್ಕs ಹುಡುಗನ ತಲಿ ಕೆಟ್ಟಂಗ ಆತು.”

ನೋವಾಯಿತು, ನಿಜ. ಆದರೂ ಕುಷ್ಟಗಿಯವರೆಗೆ ನನ್ನ ಮನಸ್ಸಿಗೆ ಒಂದು ಬಗೆಯ ಸಂತೋಷ ಇತ್ತು. ನನ್ನ ನೊಣವನ್ನು ನಿಜವಾದ ನೊಣ ಎಂದು ನಂಬಿದ ಮೊದಲ ಜೀವ ಆ ಅಜ್ಜಿ. ಅಲ್ಲಿಯವರೆಗೆ ಒಂದು ಮೀನೂ ನಂಬಿರಲಿಲ್ಲ.

ಫೇಲಾದ ಮೀನು

ಮೀನು ಬೀಳತೊಡಗಿದ್ದು ನಮ್ಮ ಓಣಿಯ ಮಾಸ್ತರು ಜೊತೆಗೆ ಬಂದ ಮೇಲೆ. ಗಂಗಾವತಿ ಕಡೆಯ ಒಂದು ಕ್ಯಾಂಪಿನ, ಅಂದರೆ ಕಾಲುವೆ ಬಂದ ಮೇಲೆ ಹುಟ್ಟಿದ ಊರಿನ, ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೀನು ತಿನ್ನುವುದಿರಲಿ, ಮೀನಿನ ವಾಸನೆ ಬಂದರೆ ಸಾರು ಬಿಟ್ಟು ಏಳುವ ಮನೆಯವರು. ಆದರೆ ನನ್ನ ನೊಣದ ಡಬ್ಬಿ ಕಂಡ ದಿನದಿಂದ ಬಿಡಲಿಲ್ಲ. ಮೋಡ ಇದ್ದರೆ ಕರಿದು, ಬಿಸಿಲಿದ್ದರೆ ಬಾದಾಮಿ, ನೀರು ಕೆಂಪಾಗಿದ್ದರೆ ದೊಡ್ಡ ಗರಿಯದು ಎಂದು ಅವರೇ ಆರಿಸಿ ಕೊಡುತ್ತಿದ್ದರು. ಒಂದೇ ಷರತ್ತು, ಬಿದ್ದ ಮೀನನ್ನು ತಿರುಗಿ ನೀರಿಗೆ ಬಿಡಬೇಕು.

ಒಮ್ಮೆ ಇಬ್ಬರೂ ಆ ಕ್ಯಾಂಪಿನ ಹತ್ತಿರವೇ ಕಾಲುವೆಯ ದಂಡೆ ಮೇಲೆ ನಿಂತಿದ್ದೆವು. ಗದ್ದೆಗೆ ನೀರು ಬಿಡಲು ಬಂದ ರೈತರೊಬ್ಬರು ಸಲಿಕೆ ಊರಿಕೊಂಡು ನಮ್ಮನ್ನೇ ನೋಡುತ್ತಿದ್ದರು. ನಾನು ಒಂದು ಹಿಡಿದೆ, ಮಾಸ್ತರು ಬಿಟ್ಟರು. ಇನ್ನೊಂದು ಹಿಡಿದೆ, ಅದನ್ನೂ ಬಿಟ್ಟರು. ರೈತರಿಗೆ ತಡೆಯಲಾಗಲಿಲ್ಲ.

“ಯಾಕ ಬಿಡ್ತೀರಿ ಸರ? ಮೀನಿನ್ಯಾಗ ಏನರ ದೋಷ ಐತೇನು?”

ಮಾಸ್ತರು ಕನ್ನಡಕ ಸರಿಮಾಡಿಕೊಂಡರು. “ನೋಡಪಾ, ಇದು ಸುಳ್ಳ ನೊಣ. ಖರೇ ಯಾವುದು, ಸುಳ್ಳ ಯಾವುದು ಅಂತ ಗುರುತು ಹಿಡಿಯೂದು ಈ ಮೀನಿಗೆ ಆಗಲಿಲ್ಲ. ಅಂದ್ರ ಪರೀಕ್ಷಾದಾಗ ಫೇಲಾತು. ಫೇಲಾದವರನ್ನ ಹಿಡದು ಇಟಗೋಬಾರದು. ಹೋಗಿ ಕಲತುಕೊಳ್ಳಲಿ ಅಂತ ಬಿಡಬೇಕು.”

ರೈತರು ಮಾಸ್ತರ ಮುಖವನ್ನು ಬಗ್ಗಿ ನೋಡಿದರು. ಗುರುತು ಸಿಕ್ಕಿತು.

“ಸರ, ನೀವು ನಮ್ಮ ಸಾಲ್ಯಾಗ ಗಣಿತ ಹೇಳತಿದ್ರಲ್ಲ?”

“ಹೌದಪಾ.”

“ಮತ್ತ ನನ್ನ ಯಾಕ ಬಿಡಲಿಲ್ಲರಿ ಸರ? ಒಂಬತ್ತನೇ ಇಯತ್ತೆದಾಗ ಮೂರು ವರ್ಷ ಹಿಡಕೊಂಡು ಕುಂತಿದ್ರಿ.”

ಹೆಣ್ಣು ನೋಡುವ ಶಾಸ್ತ್ರ

ನನ್ನ ಹೆಂಡತಿಯ ತವರು ತಳಕಲ್. ಅವಳ ತಂಗಿಗೆ ಗಂಗಾವತಿಯ ಒಂದು ಸಂಬಂಧ ಬಂದಿತ್ತು. ಎರಡೂ ಊರಿಗೆ ನಡುವೆ ಆಗುತ್ತದೆಂದು ನಮ್ಮ ಮನೆಯಲ್ಲೇ ಹೆಣ್ಣು ನೋಡುವುದೆಂದು ಗೊತ್ತಾಯಿತು. ಹುಡುಗ ಒಳ್ಳೆಯವನು, ನೌಕರಿ ಒಳ್ಳೆಯದು. ಹೆದರಿಕೆ ಇದ್ದದ್ದು ಅವನ ದೊಡ್ಡಪ್ಪನದು. ಆ ಮನೆಯಲ್ಲಿ ಅವರ ಮಾತೇ ಕಡೆಯ ಮಾತು. ಒಂದು ಮನೆಯಲ್ಲಿ ಚಹಕ್ಕೆ ಶುಂಠಿ ಹೆಚ್ಚಾಯಿತೆಂದೂ ಇನ್ನೊಂದು ಮನೆಯಲ್ಲಿ ಗಡಿಯಾರ ಹಿಂದೆ ಇತ್ತೆಂದೂ ಎದ್ದು ಹೋಗಿದ್ದರಂತೆ. ನನ್ನ ಹೆಂಡತಿ ಹಿಂದಿನ ದಿನವೇ ಗಡಿಯಾರ ಸರಿ ಮಾಡಿ, ನನ್ನ ನೂಲು, ಗರಿ, ಗಾಳ ಎಲ್ಲವನ್ನೂ ಅಟ್ಟಕ್ಕೆ ಏರಿಸಿದಳು.

ದೊಡ್ಡಪ್ಪ ಬಂದರು. ಆಳು ದೊಡ್ಡವರು, ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ. ಮನೆಯಲ್ಲಿ ಅಷ್ಟು ಕುರ್ಚಿ ಇದ್ದರೂ ನಾನು ನೊಣ ಕಟ್ಟುವ ಕುರ್ಚಿಯಲ್ಲೇ ಕುಳಿತರು. ಹುಡುಗಿ ಚಹ ತಂದಳು. ಶುಂಠಿ ಸರಿ ಇತ್ತು. ಎಲ್ಲ ನೆಟ್ಟಗೆ ನಡೆದಿತ್ತು. ಉಪ್ಪಿಟ್ಟಿಗೆ ಮುಂಚೆ ಕೈ ತೊಳೆಯಲು ದೊಡ್ಡಪ್ಪ ಎದ್ದರು. ಅವರ ಹಿಂದೆ ಕುರ್ಚಿಯ ದಿಂಬೂ ಎದ್ದು ಹೊರಟಿತು.

ಯಾರೂ ನಗಲಿಲ್ಲ. ಹುಡುಗ ಹೋಗಿ ದೊಡ್ಡಪ್ಪನ ಧೋತರದಿಂದ ದಿಂಬನ್ನು ಬಿಡಿಸಿದ. ಅವನ ಕೈಗೆ ಬಂದದ್ದು ಒಂದು ಗಾಳ. ಕೆಂಪು ನೂಲು, ಕರಿ ಕೋಳಿಯ ಗರಿ. ದೊಡ್ಡಪ್ಪ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಹುಡುಗನ ತಾಯಿ ಎರಡು ಹೆಜ್ಜೆ ಹಿಂದೆ ಸರಿದರು.

“ಏನಿದು?” ಎಂದರು ದೊಡ್ಡಪ್ಪ. “ಮಾಟ ಏನರ ಮಾಡಿಸೀರೇನು?”

ನನ್ನ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಂಡತಿ ನನ್ನನ್ನು ನೋಡಿದ ನೋಟ ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ನಾನು ಕೈ ಮುಗಿದು, ಇದು ಮಾಟ ಅಲ್ಲ, ನೊಣ ಎಂದೆ. ಮನುಷ್ಯರಿಗಲ್ಲ, ಮೀನಿಗೆ ಎಂದೆ. ಇದನ್ನು ನಾನೇ ಕಟ್ಟಿದ್ದು ಎಂದೆ.

“ಇದಕ್ಕ ಮೀನ ಬೀಳತೈತಿ?”

“ಬೀಳತೈತ್ರಿ.”

“ಹುಳ ಇಲ್ಲ, ಹಿಟ್ಟಿಲ್ಲ, ಬರೇ ಈ ಪುಚ್ಚಕ್ಕ?”

“ಹೌದ್ರಿ.”

“ತೋರಸ್ರಿ,” ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿದರು.

ಎರಡು ಗಾಡಿಗಳಲ್ಲಿ ಗಂಡಿನ ಕಡೆಯವರು, ಅಟ್ಟದಿಂದ ಇಳಿಸಿದ ಕೋಲು, ನೊಣದ ಡಬ್ಬಿ ಹಿಡಿದು ಆಟೋದಲ್ಲಿ ನಾವು. ಹುಡುಗಿ ರೇಷ್ಮೆ ಸೀರೆಯಲ್ಲೇ ಬಂದಳು. ಅತ್ತೆ ಉಪ್ಪಿಟ್ಟಿನ ಪಾತ್ರೆ, ಕುಂಕುಮ ಎಲೆ ಅಡಿಕೆಯ ತಟ್ಟೆ ಸಮೇತ ಬಂದರು. ಕಾಲುವೆಯ ದಂಡೆ ಮೇಲೆ ಎಲ್ಲರೂ ಸಾಲಾಗಿ ನಿಂತರು. ಒಂದು ಸಂಬಂಧ ಉಳಿಯುವುದೂ ಮುರಿಯುವುದೂ ಬೆರಳಿನಷ್ಟು ಮೀನಿನ ಹಸಿವಿನ ಮೇಲೆ ನಿಂತಿತು. ನಾಲ್ಕು ಸಲ ಎಸೆದೆ, ಏನೂ ಇಲ್ಲ. ಐದನೆಯ ಸಲ ದೊಡ್ಡಪ್ಪ ಕೈ ಚಾಚಿದರು. “ತರ್ರಿ ಇಲ್ಲಿ. ನಿಮ್ಮ ಕೈ ಸರಿ ಇಲ್ಲ.”

ಧೋತರ ಮೇಲೆ ಕಟ್ಟಿ, ಕೋಲು ಹಿಡಿದು, ನೀರಿನ ಮೇಲೆ ನೊಣವನ್ನು ಮೆಲ್ಲಗೆ ಕುಣಿಸಿದರು. ನೀರು ಪುಟ್ ಎಂದಿತು. ಕೋಲು ಬಾಗಿತು. ಬೆಳ್ಳಿಯಂಥ ಸಣ್ಣ ಮೀನೊಂದು ಗಾಳಿಯಲ್ಲಿ ಮಿಂಚುತ್ತ ಬಂದು ಅವರ ಎದೆಗೆ ಬಡಿಯಿತು. ಆ ದೊಡ್ಡ ಮುಖ ನಾಲ್ಕನೇ ಇಯತ್ತೆಯ ಹುಡುಗನ ಮುಖವಾಯಿತು. ಅವರು ಯಾರ ಕಡೆಗೂ ನೋಡಲಿಲ್ಲ, ಮತ್ತೆ ಎಸೆದರು.

ಒಂದು ತಾಸು ಹೋಯಿತು. ಉಪ್ಪಿಟ್ಟು ಖಾಲಿಯಾಯಿತು. ಹುಡುಗ, ಹುಡುಗಿ ಅಷ್ಟು ದೂರದಲ್ಲಿ ಕಲ್ಲಿನ ಮೇಲೆ ಕುಳಿತು, ಯಾರ ಕಾಟವೂ ಇಲ್ಲದೆ ಮಾತಾಡಿ ನಗುತ್ತಿದ್ದರು. ಮನೆಯಲ್ಲಾಗಿದ್ದರೆ ಅವರಿಗೆ ಐದು ನಿಮಿಷ ಸಿಗುತ್ತಿರಲಿಲ್ಲ. ಕಡೆಗೆ ನನ್ನ ಮಾವ ಧೈರ್ಯ ಮಾಡಿ ಮುಂದೆ ಹೋದರು.

“ಮತ್ತ ಹುಡುಗಿ ವಿಷಯ ಏನಂತೀರಿ?”

“ಯಾವ ಹುಡುಗಿ?” ಎಂದರು ದೊಡ್ಡಪ್ಪ ನೀರಿನಿಂದ ಕಣ್ಣು ತೆಗೆಯದೆ. ಆಮೇಲೆ ನೆನಪಾಯಿತು. “ಹ್ಞಾಂ, ಹುಡುಗಿ. ಒಪ್ಪಿಗಿ ಐತ್ರಿ. ಜೋರಾಗಿ ಮಾತಾಡಬ್ಯಾಡ್ರಿ, ಮೀನ ಓಡತಾವ.”

ಹೊತ್ತು ಮುಳುಗಿತು. ಗಾಡಿ ಹತ್ತುವಾಗಲೂ ಕೋಲು ಅವರ ಕೈಯಲ್ಲೇ ಇತ್ತು. “ನಿಮ್ಮಿಂದ ನಮಗ ಏನೂ ಬ್ಯಾಡ,” ಎಂದರು. “ಆದ್ರ ಈ ಕೋಲು...” ಅವರು ಮಾತು ಮುಗಿಸುವ ಮೊದಲೇ ನನ್ನ ಹೆಂಡತಿ ಮುಂದೆ ಬಂದು, ಕೋಲಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಕಟ್ಟಿದ ನೊಣಗಳ ಡಬ್ಬಿಯನ್ನೂ ಮೇಲಿಟ್ಟು ಕೊಟ್ಟಳು. ತಂಗಿಯ ಮದುವೆ ಗೊತ್ತಾದ ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರಿತ್ತು ಎಂದು ಎಲ್ಲರೂ ತಿಳಿದರು. ಅವಳು ನೋಡುತ್ತಿದ್ದದ್ದು ಕೋಲನ್ನು. ನನ್ನ ಕಣ್ಣಲ್ಲೂ ನೀರಿತ್ತು, ನಾನೂ ಕೋಲನ್ನೇ ನೋಡುತ್ತಿದ್ದೆ.

ಮದುವೆ ಸುಸೂತ್ರವಾಗಿ ಆಯಿತು. ತಿಂಗಳ ಮೇಲೆ ಗಂಗಾವತಿಯಿಂದ ದೊಡ್ಡಪ್ಪನ ಹೆಂಡತಿಯ ಫೋನ್ ಬಂತು. ನನ್ನ ಹೆಂಡತಿ ಎತ್ತಿದಳು.

“ಹುಡುಗಿ ಬಗ್ಗೆ ಒಂದು ಮಾತಿಲ್ಲವ್ವಾ, ಬಂಗಾರದಂಥ ಹುಡುಗಿ,” ಎಂದರು ಅವರು. “ಆದ್ರ ನಮ್ಮ ಯಜಮಾನರು ಮನ್ಯಾಗ ನಿಲ್ಲವಲ್ರು. ನಿಂತ್ರ ನನ್ನ ಸೀರಿ ಜರಿ ಕಿತ್ತು ನೊಣ ಕಟ್ಟತಾರ. ನಿನ್ನಿ ಅಕ್ಕಿ ಹಸನ ಮಾಡೋ ಮೊರದಾಗ ಪುಚ್ಚ ಒಣಾ ಹಾಕ್ಯಾರ. ನಿಮಗ ಪುಣ್ಯ ಬರತೈತಿ, ಆ ಕೋಲು ತಿರುಗಿ ಒಯ್ಯಿರಿ.”

ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹೆಂಡತಿ ನನ್ನ ಕಡೆ ನೋಡುತ್ತ, ಭಾಳ ವಿನಯದಿಂದ ಫೋನಿನಲ್ಲಿ ಹೇಳಿದಳು.

“ಬೇಕಾದ್ರ ನನ್ನ ತಂಗೀನ್ನ ತಿರುಗಿ ಕಳಿಸಿಕೊಡ್ರಿ ಅಕ್ಕಾರ, ಸುಮ್ಮನ ಕರಕೊಂತೀವಿ. ಆ ಕೋಲು ಮಾತ್ರ ನಿಮ್ಮ ಮನಿದು.”